ಗೇರ್‌ಬಾಕ್ಸಿಗೆ ಕೂಲರ್ ಹಾಕುವ ಮುಂಚೆ ಬಿಸಿ ಎಷ್ಟಿದೆ ನೋಡಿ

ಹಾಸನದಲ್ಲಿ ನಮ್ಮ ಗ್ಯಾರೇಜು. ಶಿರಾಡಿ ಘಾಟಿ ಹತ್ತಿ ಇಳಿಯುವ ಗಾಡಿಗಳೇ ಇಲ್ಲಿ ಜಾಸ್ತಿ. "ಆಟೊಮ್ಯಾಟಿಕ್ ಗಾಡಿ ಸಾರ್, ಒಂದು ಎಕ್ಸ್ಟ್ರಾ ಕೂಲರ್ ಹಾಕ್ಬಿಡಿ" ಅಂತ ಆಗಾಗ ಯಾರಾದರೂ ಬರುತ್ತಾರೆ. ಗೇರ್‌ಬಾಕ್ಸಿನ ಆಯಿಲನ್ನು ತಂಪು ಮಾಡುವ, ಸಣ್ಣ ರೇಡಿಯೇಟರಿನಂಥದ್ದು ಈ ಕೂಲರ್. ನಾನು ಮೊದಲು ಕೇಳುವುದು, ಯಾವ ಥರದ ಆಟೊಮ್ಯಾಟಿಕ್ ಅಂತ.

ಕ್ಲಚ್ ಪೆಡಲ್ ಇಲ್ಲದ್ದಕ್ಕೆಲ್ಲ ನಾವು ಆಟೊಮ್ಯಾಟಿಕ್ ಅಂತಲೇ ಹೇಳುತ್ತೇವೆ, ಅಲ್ವಾ? ಆದರೆ ಸಣ್ಣ ಕಾರುಗಳ ಎಎಂಟಿ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ನಮ್ಮ ಬದಲು ಯಂತ್ರ ಮಾಡುತ್ತದೆ, ಅಷ್ಟೆ. ಅದರಲ್ಲಿ ಕಾಯುವುದು ಒಣ ಕ್ಲಚ್ ಪ್ಲೇಟು. ಅಲ್ಲಿಗೆ ಆಯಿಲ್ ಹೋಗುವುದೇ ಇಲ್ಲ. ಕೂಲರ್ ಹಾಕಿ ತಂಪು ಮಾಡುವುದು ಏನನ್ನು? ಒಣ ಕ್ಲಚ್ಚಿನ ಡಿಸಿಟಿಗೂ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ಕಿಗೂ, ಇದೇ ಮಾತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ ಅಂತ ಹೇಳಿ ಕಳಿಸುತ್ತೇನೆ. ಸುಮ್ನೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಟಾರ್ಕ್ ಕನ್ವರ್ಟರ್ ಇದ್ದರೆ ಕಥೆ ಬೇರೆ. ಇಂಜಿನ್ನಿನ ಬಲ ಗೇರಿಗೆ ತಲುಪುವುದು ಆಯಿಲ್ ಮೂಲಕ. ನಿಧಾನವಾಗಿ ಏರು ಹತ್ತುವಾಗ ಕನ್ವರ್ಟರ್ ಆ ಆಯಿಲನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತಿರುತ್ತದೆ. ಇಂಜಿನ್ ಕಡೆ ಸುತ್ತು ಜಾಸ್ತಿ, ಗೇರ್ ಕಡೆ ಕಡಿಮೆ. ನಡುವೆ ಕಳೆದುಹೋದ ಬಲವೆಲ್ಲ ಬಿಸಿಯಾಗುತ್ತದೆ. ಹೈವೇಯಲ್ಲಿ, ಎರಡೂ ಕಡೆಯನ್ನು ನೇರವಾಗಿ ಬಿಗಿಯುವ ಲಾಕ್-ಅಪ್ ಕ್ಲಚ್ ಹಿಡಿದುಕೊಂಡ ಮೇಲೆ ಇದು ನಿಲ್ಲುತ್ತದೆ.

ಸಕಲೇಶಪುರದ ಬೆಳೆಗಾರರೊಬ್ಬರು ಏಳು ಸೀಟಿನ ಡೀಸೆಲ್ ಗಾಡಿ ತಂದಿದ್ದರು. ಘಾಟಿಯಲ್ಲಿ ಗೇರ್ ಬೀಳುವಾಗ ಜರ್ಕ್ ಹೊಡೆಯುತ್ತಿತ್ತು. ಆಯಿಲಿನ ಬಿಸಿ ತೋರಿಸುವ ಸ್ಕ್ಯಾನರ್ ಹಾಕಿಕೊಂಡೇ ಜೊತೆಗೆ ಹೋದೆ. ಬಯಲಿನ ರಸ್ತೆಯಲ್ಲಿ ಆಯಿಲ್ 90 ಡಿಗ್ರಿ ಆಸುಪಾಸು, ಏನೂ ತೊಂದರೆಯಿಲ್ಲ. ಗುಂಡ್ಯದಿಂದ ವಾಪಸ್ ಮೇಲೆ ಬರುವಾಗ ಲಾರಿಗಳ ಹಿಂದೆ ತೆವಳಬೇಕಾಯಿತು. 118ಕ್ಕೆ ಏರಿತು. 120 ದಾಟಿದರೆ ಆಯಿಲ್ ಬೇಗ ಹಾಳಾಗುತ್ತದೆ, ಸೀಲುಗಳು ಗಟ್ಟಿಯಾಗುತ್ತವೆ. ಆಯಿಲ್ ತೆಗೆದು ನೋಡಿದೆ. ಬಣ್ಣ ಕಂದಿತ್ತು, ಸುಟ್ಟ ವಾಸನೆ ಇರಲಿಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಒಳಗಿನ ಪ್ಲೇಟುಗಳು ಸವೆದಿವೆ ಅಂತ ಅರ್ಥ. ಆಗ ಯಾವ ಕೂಲರ್ ಹಾಕಿದರೂ ಅವು ವಾಪಸ್ ಬರುವುದಿಲ್ಲ.

ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಕಂಪನಿ ಕೊಟ್ಟ ಕೂಲರ್ ರೇಡಿಯೇಟರ್ ಒಳಗೇ ಇರುತ್ತದೆ. ಸುತ್ತಲಿನ ಕೂಲೆಂಟೇ (ಇಂಜಿನ್ ತಂಪು ಮಾಡುವ ನೀರು) 90 ಡಿಗ್ರಿ ಇರುವಾಗ ಆಯಿಲ್ ಅದಕ್ಕಿಂತ ತಂಪಾಗುವುದು ಹೇಗೆ? ಅದಕ್ಕೇ ಹೊಸದನ್ನು ಅದರ ನಂತರ ಜೋಡಿಸುತ್ತೇನೆ. ಗೇರ್‌ಬಾಕ್ಸಿಂದ ರೇಡಿಯೇಟರಿಗೆ, ಅಲ್ಲಿಂದ ಹೊಸ ಕೂಲರಿಗೆ, ಆಮೇಲೆ ಗೇರ್‌ಬಾಕ್ಸಿಗೆ ವಾಪಸ್. ರೇಡಿಯೇಟರ್ ಬಿಟ್ಟು ನೇರ ಹೊಸದಕ್ಕೇ ಕೊಡಿ ಅನ್ನುವವರಿದ್ದಾರೆ. ಆದರೆ ಮಲೆನಾಡಿನ ಚಳಿಗಾಲದ ಬೆಳಗ್ಗೆ ಆಯಿಲನ್ನು ಬೇಗ ಬೆಚ್ಚಗೆ ಮಾಡುವುದೂ ಅದೇ ರೇಡಿಯೇಟರ್. ಮಂದವಾದ ಆಯಿಲಿನಲ್ಲಿ ಗೇರ್ ಸರಿಯಾಗಿ ಬೀಳುವುದಿಲ್ಲ.

ಕೂಲರ್ ಕೂರಿಸುವುದು ಗಾಡಿಯ ಮೂತಿಯಲ್ಲಿ, ಎಸಿ ಕಂಡೆನ್ಸರ್ ಅನ್ನುವ ಜಾಲರಿಯ ಮುಂದೆ. ತೆವಳುವಾಗ ಗಾಳಿ ಬರುವುದು ಫ್ಯಾನಿಂದಲೇ, ಅದು ಎಳೆಯುವ ಜಾಗದಲ್ಲಿ ಇರಬೇಕು. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಕಂಡೆನ್ಸರಿನ ಫಿನ್ ನಡುವೆ ತೂರಿಸಿ ಬಿಗಿಯುವುದು ನನಗೆ ಒಂಚೂರೂ ಇಷ್ಟವಿಲ್ಲ. ಗುಂಡಿ ರಸ್ತೆಯಲ್ಲಿ ಉಜ್ಜಿ ಉಜ್ಜಿ ಕಂಡೆನ್ಸರ್ ತೂತಾಗುತ್ತದೆ. ಪಟ್ಟಿ ಕತ್ತರಿಸಿ ಬ್ರಾಕೆಟ್ ಮಾಡಿ ಗಾಡಿಯ ಬಾಡಿಯ ಮೇಲೆ ಬೋಲ್ಟ್ ಹಾಕುತ್ತೇನೆ. ಹೋಸ್ ಗೇರ್‌ಬಾಕ್ಸ್ ಆಯಿಲಿಗೆ ಅಂತಲೇ ಮಾಡಿದ್ದು ಬೇಕು. ಕೂಲೆಂಟ್ ಹೋಸ್ ಹಾಕಿದರೆ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ.

ವಾರಂಟಿ ಇರುವ ಗಾಡಿಯಾದರೆ, ಪೈಪ್ ಕತ್ತರಿಸಿದರೆ ಕಂಪನಿಯವರು ಒಪ್ಪದೆ ಹೋಗಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ.

ಹೊಸ ಕೂಲರೂ ಹೋಸುಗಳೂ ತಮ್ಮ ಪಾಲಿನ ಆಯಿಲ್ ಕುಡಿಯುತ್ತವೆ. ಹಾಗಾಗಿ ಅದೇ ಗ್ರೇಡಿನ ಆಯಿಲ್ ಸೇರಿಸಿ, ಕಂಪನಿ ಹೇಳಿದ ಬಿಸಿಯಲ್ಲೇ ಲೆವೆಲ್ ನೋಡಬೇಕು. ಬಿಸಿಯಾದಂತೆ ಆಯಿಲ್ ಹಿಗ್ಗುತ್ತದೆ, ತಣ್ಣಗಿರುವಾಗ ನೋಡಿದ ಲೆವೆಲ್ ನಂಬುವ ಹಾಗಿಲ್ಲ. ಕೂಲರ್ ಹಾಕಿದ ಮೇಲೆ ಬೆಳೆಗಾರರ ಗಾಡಿ ಅದೇ ಘಾಟಿಯಲ್ಲಿ, ಹಾಗೇ ಲಾರಿಗಳ ಹಿಂದೆ ಹತ್ತಿದಾಗ ಆಯಿಲಿನ ಬಿಸಿ 100 ಡಿಗ್ರಿಯ ಹತ್ತಿರ ನಿಂತಿತು. ಒಂದು ವಾರ ಓಡಿಸಿ ಮತ್ತೆ ತನ್ನಿ ಅಂದೆ. ಕ್ಲಾಂಪುಗಳ ಹತ್ತಿರ ಆಯಿಲ್ ಜಿನುಗಿದೆಯಾ ಅಂತ ನೋಡಲೇಬೇಕು. ಆ ಪೈಪ್ ಬಿಚ್ಚಿಕೊಂಡರೆ ಗೇರ್‌ಬಾಕ್ಸಿನ ಪಂಪೇ ಆಯಿಲನ್ನೆಲ್ಲ ಕೆಲವೇ ನಿಮಿಷಗಳಲ್ಲಿ ರಸ್ತೆಗೆ ಸುರಿದುಬಿಡುತ್ತದೆ.