ಅಕ್ಕಾ, ಇದು ಹಾರ್ಟಿಂದೇನಾ?

ಕೈಕಾಲಿಗೆ 4 ಕ್ಲಿಪ್ ಹಾಕಿ, ಎದೆಗೆ ಜೆಲ್ ಹಚ್ಚಿ, 6 ರಬ್ಬರ್ ಬಲ್ಬ್ ಕೂರಿಸುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ಎದೆ ಚುಚ್ಚುತ್ತೆ ಅಕ್ಕಾ, ಇದು ಹಾರ್ಟಿಂದೇನಾ?"

ದಾವಣಗೆರೆಯಲ್ಲಿ ಇಸಿಜಿ, ಅಂದರೆ ಹೃದಯದ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ತೆಗೆಯುವ ಕೆಲಸ ನನ್ನದು. ಕೇಳುವವರು ಹೆಚ್ಚಾಗಿ 20-25ರ ಹುಡುಗ ಹುಡುಗಿಯರು. ಮೊದಲೂ ಬರುತ್ತಿದ್ದರು. 2021ರ ಅಕ್ಟೋಬರ್ 29ರಂದು ಅಪ್ಪು 46ಕ್ಕೇ ಹೋದರಲ್ಲ, ಆಮೇಲೆ ಜಾಸ್ತಿಯಾದರು. ಮನೆಯವರೇ ಎಳೆದುಕೊಂಡು ಬರುತ್ತಾರೆ. ನಾನು ಡಾಕ್ಟರ್ ಅಲ್ಲ. ಗೆರೆ ತೆಗೆದು ಕೊಡುವುದು ನನ್ನ ಕೆಲಸ, ಓದಿ ಹೇಳುವುದು ಅವರದ್ದು. ಆದರೆ ಇಷ್ಟು ವರ್ಷ ಪಕ್ಕದಲ್ಲೇ ನಿಂತು ಕೇಳಿದ್ದು, ನೋಡಿದ್ದು ಇದೆಯಲ್ಲ, ಅದನ್ನು ಹೇಳುತ್ತೇನೆ.

ಮೊದಲು ನಾನು ನೋಡುವುದು ಅವರ ಕೈಯನ್ನ. ಈ ವಯಸ್ಸಿನವರು ಹೆಚ್ಚಾಗಿ ಒಂದೇ ಬೆರಳಿಟ್ಟು "ಇಲ್ಲೇ" ಅಂತಾರೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ತುಂಬಾ ಜನಕ್ಕೆ ಹಂಗೆ ತೋರಿಸೋಕೆ ಆಗುವುದಿಲ್ಲ. ಅಂಗೈ ಪೂರ್ತಿ ಎದೆ ಮೇಲಿಟ್ಟು, "ಕಲ್ಲು ಹೇರಿದಂಗಾಗ್ತದೆ" ಅಂತಾರೆ. ಬೆವರುತ್ತಿರುತ್ತಾರೆ. ನೋವು ಎಡಗೈಗೋ ದವಡೆಗೋ ಹರಿದಿರುತ್ತದೆ.

ಒಮ್ಮೆ ಒಬ್ಬ ಇಂಜಿನಿಯರಿಂಗ್ ಹುಡುಗ ಬಂದಿದ್ದ. ಜೊತೆಗೆ ಎರಡು ಬೈಕ್ ತುಂಬಾ ಗೆಳೆಯರು. ಎದೆಮೂಳೆಯ ಎಡಪಕ್ಕಕ್ಕೆ ಎರಡನೇ ಬಲ್ಬ್ ಒತ್ತಿದೆ ನೋಡಿ, "ಅಯ್ಯೋ, ಅಲ್ಲೇ ಅಕ್ಕಾ!" ಅಂತ ಕೂಗಿದ. ಹಿಂದಿನ ವಾರ ಜಿಮ್‌ಗೆ ಸೇರಿದ್ದನಂತೆ. ಪಕ್ಕೆಲುಬು ಎದೆಮೂಳೆಗೆ ಕೂಡುವ ಜಾಗದಲ್ಲಿ ಮೆತ್ತನೆ ಮೂಳೆ ಇರುತ್ತದೆ. ಅದು ಊದಿಕೊಂಡರೆ ಹೀಗೇ ಚುಚ್ಚುತ್ತದೆ, ಒತ್ತಿದರೆ ಜೀವ ಹೋಗುತ್ತದೆ. ವಾರಗಟ್ಟಲೆ ಕೆಮ್ಮಿದವರಿಗೂ, ಮೂಟೆ ಎತ್ತುವವರಿಗೂ ಬರುತ್ತದೆ. ನಿಧಾನಕ್ಕೆ ತಾನಾಗೇ ಹೋಗುತ್ತದೆ. ಡಾಕ್ಟರ್ ಅವನಿಗೆ ನೋವಿನ ಮಾತ್ರೆ ಬರೆದು, ಜಿಮ್ ಸ್ವಲ್ಪ ದಿನ ಬಿಡು ಅಂದರು.

ಇನ್ನೊಂದು ಥರ ಇದೆ. ಸುಮ್ನೆ ಕೂತಿರುವಾಗ ಸೂಜಿ ಚುಚ್ಚಿದಂತೆ ಎಡಗಡೆ ಚಳಕ್ ಅನ್ನುತ್ತದೆ. ಉಸಿರು ಎಳೆದುಕೊಂಡರೆ ಇನ್ನೂ ಜಾಸ್ತಿ. ಕೆಲವು ಸೆಕೆಂಡು, ಹೆಚ್ಚೆಂದರೆ 2-3 ನಿಮಿಷ, ಆಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಮಾಯ. ಹದಿಹರೆಯದವರಲ್ಲಿ ಇದು ತೀರಾ ಮಾಮೂಲಿ, ಹಾರ್ಟಿಗೂ ಇದಕ್ಕೂ ಸಂಬಂಧವಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಗಾಬರಿಗೇ ಎದೆ ಬಿಗಿದು, ಕೈಬೆರಳು ಜುಮ್ ಅನ್ನುವವರೂ ಬರುತ್ತಾರೆ. ಅವರ ನೋವು ನಾಟಕವಲ್ಲ, ನಿಜವಾದ ನೋವೇ.

ಇನ್ನು ಗ್ಯಾಸ್ಟ್ರಿಕ್. ರಾತ್ರಿ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ ತಿಂದು ತಕ್ಷಣ ಮಲಗಿದರೆ ಹುಳಿ ಮೇಲೆ ಬಂದು ಎದೆ ಉರಿಯುವುದೇ. ನಮ್ಮೂರಲ್ಲಿ ಇದನ್ನ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಷ್ಟ ಏನೆಂದರೆ ನಾವು ಎಲ್ಲವನ್ನೂ ಗ್ಯಾಸ್ಟ್ರಿಕ್ ಅನ್ನುತ್ತೇವೆ. ನಿಜವಾದ ಅಟ್ಯಾಕ್ ಆದವರೂ ಸೋಡಾ ಕುಡಿದು, ಮಾತ್ರೆ ನುಂಗಿ, ನಾಲ್ಕು ತಾಸು ಕಳೆದು ಬಂದಿದ್ದನ್ನು ನೋಡಿದ್ದೇನೆ.

ಹಿಂದೆ ನಾನೂ ಧೈರ್ಯ ಹೇಳಲು "ಏನಿಲ್ಲ ಬಿಡಪ್ಪ, ಗೆರೆ ಚೆನ್ನಾಗಿದೆ" ಅಂದುಬಿಡುತ್ತಿದ್ದೆ. ಆಗ ನಾನು ಬೇರೆ ಕಡೆ ಕೆಲಸದಲ್ಲಿದ್ದೆ. ಉದ್ದಕ್ಕೆ, ತೆಳ್ಳಗಿದ್ದ ಒಬ್ಬ ಹುಡುಗ, ಸಿಗರೇಟು ಬೇರೆ. ಬಲಗಡೆ ಒಮ್ಮೆಲೇ ಚುಚ್ಚಿತು, ಉಸಿರು ಸಾಲುತ್ತಿಲ್ಲ ಅಂದ. ಇಸಿಜಿ ಸರಿಯಾಗೇ ಇತ್ತು. ನಾನು ಹೇಳುವ ಮಾತು ಹೇಳಿದೆ, ಅವನೂ ಹೊರಡೋಕೆ ಎದ್ದ. ಡಾಕ್ಟರ್ ಸ್ಟೆಥಸ್ಕೋಪ್ ಇಟ್ಟವರೇ ಎಕ್ಸ್‌ರೇಗೆ ಓಡಿಸಿದರು. ಶ್ವಾಸಕೋಶ ತೂತಾಗಿ, ಗಾಳಿ ಹೊರಗೆ ಸೇರಿ, ಒಂದು ಪಕ್ಕ ಮುದುಡಿ ಹೋಗಿತ್ತು. ಎದೆಗೆ ಟ್ಯೂಬ್ ಹಾಕಬೇಕಾಯಿತು. ಅವತ್ತಿಂದ ಆ ಮಾತು ಬಿಟ್ಟೆ.

ಯಾಕೆಂದರೆ ನನ್ನ ಕಾಗದ ಎಲ್ಲವನ್ನೂ ಹಿಡಿಯುವುದಿಲ್ಲ. ಅಟ್ಯಾಕ್ ಶುರುವಾದಾಗ ಕೆಲವರ ಇಸಿಜಿಯಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಅದಕ್ಕೇ ಡಾಕ್ಟರು ಇನ್ನೊಮ್ಮೆ ತೆಗೆಸುತ್ತಾರೆ, ಟ್ರೋಪೋನಿನ್ ಅಂತ ರಕ್ತ ಪರೀಕ್ಷೆ ಮಾಡಿಸುತ್ತಾರೆ. ವೈರಲ್ ಜ್ವರ ಬಂದು ಹೋದಮೇಲೆ ಹೃದಯದ ಸುತ್ತಲಿನ ಪೊರೆ ಊದಿಕೊಳ್ಳುವುದುಂಟು. ಮಲಗಿದರೆ ನೋವು ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಅಂಥವರು ನನ್ನ ಮಂಚದ ಮೇಲೆ ಮಲಗೋದಕ್ಕೇ ಒದ್ದಾಡುತ್ತಾರೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಬಾಣಂತಿಯರು ಎದೆ ಚುಚ್ಚಿ ಏದುಸಿರು ಬಿಟ್ಟರೆ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿರಬಹುದು. ಒಂದು ಕಾಲು ಊದಿದ್ದರಂತೂ ತಡ ಮಾಡಲೇಬಾರದು.

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನೇ ತಿರುಗಿ ಕೇಳುತ್ತೇನೆ. ಉಸಿರು ಕಟ್ಟುತ್ತಾ? ಬೆವರು ಬಂತಾ? ತಲೆ ತಿರುಗಿ ಬಿದ್ದೆಯಾ? ಓಡುವಾಗ, ಮೆಟ್ಟಿಲು ಹತ್ತುವಾಗ ಬರುತ್ತಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹೋಗಿದ್ದಾರಾ? ಒಂದಕ್ಕೆ ಹೂಂ ಅಂದರೂ ಡಾಕ್ಟರಿಗೆ ಮೊದಲು ಹೋಗಿ ಹೇಳುತ್ತೇನೆ. ನೀವು ಮನೆಯಲ್ಲಿದ್ದು ಉಸಿರು ಕಟ್ಟಿದರೆ, ಬೆವರಿದರೆ, ತಲೆ ತಿರುಗಿದರೆ ಬೈಕ್ ಹತ್ತಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಹಳೇ ಇಸಿಜಿ ಇದ್ದರೆ ತನ್ನಿ, ಡಾಕ್ಟರು ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಾರೆ. ಬಸ್ ಟಿಕೆಟ್ ಥರದ ಕಾಗದ ಅದು, ಸ್ವಲ್ಪ ಕಾಲಕ್ಕೇ ಗೆರೆ ಮಾಸುತ್ತದೆ. ತೆಗೆಸಿದ ದಿನವೇ ಮೊಬೈಲಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.