ಆಸ್ಟರ್ಲಿ ಪಾರ್ಕ್: ಸಾಲದಿಂದ, ಉಯಿಲಿನಿಂದ ಕೈಬದಲಾದ ಮನೆಗೆ ಅರ್ಧ ದಿನದ ಪ್ರವಾಸ

ಇಂಗ್ಲೆಂಡಿನ ಶ್ರೀಮಂತರ ದೊಡ್ಡ ಮನೆಯೊಂದನ್ನು ನೋಡಬೇಕು, ಆದರೆ ಕಾರಿಲ್ಲ ಎನ್ನುವವರಿಗೆ ಪಶ್ಚಿಮ ಲಂಡನ್ನಿನ ಆಸ್ಟರ್ಲಿಯಷ್ಟು ಅನುಕೂಲದ ಜಾಗ ಕಡಿಮೆ. ಮೆಟ್ರೊದಲ್ಲೇ ಹೋಗಿಬರಬಹುದು. ಹೌನ್ಸ್ಲೋ ಕಡೆ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವುದಕ್ಕೂ ಹೇಳಿ ಮಾಡಿಸಿದ ಹಾಗಿದೆ.

ಪಿಕಡಿಲಿ ಲೈನಿನಲ್ಲಿ ಆಸ್ಟರ್ಲಿ ನಿಲ್ದಾಣ ನಾಲ್ಕನೇ ಝೋನಿನಲ್ಲಿದೆ (ಝೋನ್ ಎಂದರೆ ದರ ಲೆಕ್ಕಹಾಕುವ ವಲಯ). ಊರೊಳಗಿನಿಂದ ಬರುವವರು ಎಡವುವುದು ಒಂದೇ ಕಡೆ: ಈ ಲೈನ್ ಆಕ್ಟನ್ ಟೌನಿನಲ್ಲಿ ಕವಲೊಡೆಯುತ್ತದೆ. ಅಕ್ಸ್‌ಬ್ರಿಜ್ ಅಥವಾ ರೇನರ್ಸ್ ಲೇನ್ ಬೋರ್ಡಿನ ರೈಲು ಹತ್ತಿದ್ದರೆ ಅಲ್ಲಿ ಇಳಿದು ಹೀಥ್ರೋ ರೈಲು ಹಿಡಿಯಬೇಕು. ಹೀಥ್ರೋ ಟರ್ಮಿನಲ್ 2 ಮತ್ತು 3ರಿಂದ ಬರುವವರಿಗೆ ಇದು ಐದನೇ ನಿಲ್ದಾಣ. ವಾರದ ದಿನಗಳಲ್ಲಿ ಬೆಳಿಗ್ಗೆ 9:30ರ ನಂತರ ಕಾರ್ಡ್ ತಟ್ಟಿದರೆ ಸಾಮಾನ್ಯವಾಗಿ ದರ ಕಡಿಮೆ. ನಿಲ್ದಾಣದಲ್ಲಿ ಲಿಫ್ಟ್ ಇದೆ. ಹೊರಬಂದು ಎಡಕ್ಕೆ, ಥಾರ್ನ್‌ಬರಿ ರಸ್ತೆಯಲ್ಲಿ ಮತ್ತೆ ಎಡಕ್ಕೆ. ಅದು ಮುಗಿಯುವಲ್ಲಿ ಜರ್ಸಿ ರಸ್ತೆ, ಎದುರಿಗೇ ಗೇಟು. ಒಟ್ಟು ಸುಮಾರು ಒಂದು ಮೈಲಿ, ಇಪ್ಪತ್ತು ನಿಮಿಷದ ನಡಿಗೆ. ದಾರಿಯಲ್ಲಿ ಹಳೆಯ ನಿಲ್ದಾಣದ ಕಟ್ಟಡವೂ ಸಿಗುತ್ತದೆ. 1934ರಿಂದ ಅಲ್ಲಿ ರೈಲು ನಿಲ್ಲುವುದಿಲ್ಲ, ವಾಪಸಾಗುವಾಗ ಅದರ ಮುಂದೆ ಕಾಯುತ್ತ ನಿಲ್ಲಬೇಡಿ.

ಪಾರ್ಕಿನೊಳಗೆ ಹೋಗಲು ದುಡ್ಡಿಲ್ಲ. ಮನೆಗೆ ಟಿಕೆಟ್, ಇದನ್ನು ನೋಡಿಕೊಳ್ಳುವ ಪರಂಪರೆ ಸಂರಕ್ಷಣಾ ಸಂಸ್ಥೆ ನ್ಯಾಷನಲ್ ಟ್ರಸ್ಟಿನ ಸದಸ್ಯರಿಗೆ ಉಚಿತ. ಪಾರ್ಕಿಗೂ ಮನೆಗೂ ಸಮಯ ಬೇರೆ ಬೇರೆ, ಅದೂ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಆಗಾಗ ಸಿನಿಮಾ ಚಿತ್ರೀಕರಣಕ್ಕೂ ಮನೆಯನ್ನು ಕೊಡುತ್ತಾರೆ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆಯೇ ಟ್ರಸ್ಟಿನ ಪುಟ ನೋಡಿಕೊಂಡರೆ, ಅಷ್ಟು ದೂರ ಹೋಗಿ ಮುಚ್ಚಿದ ಬಾಗಿಲು ನೋಡುವುದು ತಪ್ಪುತ್ತದೆ.

ಬಹುತೇಕರು ನೇರ ಮೆಟ್ಟಿಲು ಹತ್ತಿ ಒಳಗೆ ನುಗ್ಗುತ್ತಾರೆ. ಹಾಗೆ ಮಾಡಿದರೆ ಕಾಣುವುದು ಬರೀ ಬಣ್ಣದ ಚಾವಣಿ. ಮೊದಲು ಲಾಯಕ್ಕೆ ಹೋಗಿ; ಈಗ ಕಾಫಿ ಅಂಗಡಿ ಇರುವುದೂ ಅಲ್ಲೇ. ಆ ಕೆಂಪು ಇಟ್ಟಿಗೆಯ ಕಟ್ಟಡ 16ನೇ ಶತಮಾನದ್ದು, ಲಂಡನ್ನಿನ ವ್ಯಾಪಾರ ಕೇಂದ್ರ ರಾಯಲ್ ಎಕ್ಸ್‌ಚೇಂಜ್ ಸ್ಥಾಪಿಸಿದ ವರ್ತಕ ಸರ್ ಥಾಮಸ್ ಗ್ರೆಷಮ್‌ನ ಕಾಲದ ಮನೆ ಹೇಗಿತ್ತು ಎಂಬುದಕ್ಕೆ ಉಳಿದಿರುವ ಒಳ್ಳೆಯ ಸಾಕ್ಷಿ. ಅಂಗಳ ತೀರಾ ದೊಡ್ಡದಾಯಿತು ಎಂದು ಒಂದನೇ ಎಲಿಜಬೆತ್ ರಾಣಿ ಅಂದಳಂತೆ. ಗ್ರೆಷಮ್ ರಾತ್ರೋರಾತ್ರಿ ಕೆಲಸಗಾರರನ್ನು ಕರೆಸಿ ಬೆಳಗಾಗುವುದರೊಳಗೆ ನಡುವೆ ಗೋಡೆ ಎಬ್ಬಿಸಿದನಂತೆ. ಇದು ದಂತಕಥೆ, ಗೋಡೆ ಹುಡುಕಲು ಹೋಗಬೇಡಿ.

ಗ್ರೆಷಮ್ ನಂತರ ಮನೆ ಹಲವರ ಕೈಗೆ ಹೋಯಿತು. ಅವರಲ್ಲಿ ನೆನಪಿಡಬೇಕಾದವನು ನಿಕೊಲಸ್ ಬಾರ್ಬನ್. 1666ರಲ್ಲಿ ಲಂಡನ್ನನ್ನು ಸುಟ್ಟ ಮಹಾ ಬೆಂಕಿಯ ನಂತರ ಅಲ್ಲಿ ಸಾಲುಮನೆ ಕಟ್ಟಿ ಮಾರಿದವನು, ಬೆಂಕಿ ವಿಮೆ ಶುರುಮಾಡಿದ ಮೊದಲಿಗರಲ್ಲೊಬ್ಬ. ಅವನು ಆಸ್ಟರ್ಲಿಯನ್ನು ಅಡವಿಟ್ಟು ಸಾಲ ಎತ್ತಿದ, ತೀರಿಸಲಿಲ್ಲ. ಆ ಸಾಲದ ಕಾರಣದಿಂದಲೇ 18ನೇ ಶತಮಾನದ ಆರಂಭದಲ್ಲಿ ಮನೆ ಬ್ಯಾಂಕರ್ ಚೈಲ್ಡ್ ಕುಟುಂಬಕ್ಕೆ ಸೇರಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲೂ ಈ ಕುಟುಂಬದವರಿದ್ದರು. ಒಳಗಿರುವ ಏಷ್ಯಾದ ಪಿಂಗಾಣಿ, ಅರಗಿನ ಸಾಮಾನು ನೋಡುವಾಗ ಇದು ನೆನಪಿರಲಿ. ಕಂಪನಿಯ ಗವರ್ನರ್ ಆಗಿದ್ದ ಕುಖ್ಯಾತ ಜೊಸಾಯ ಚೈಲ್ಡ್‌ನ ಮನೆ ಬೇರೆ, ಅದು ಪೂರ್ವ ಲಂಡನ್ನಿನ ವಾನ್‌ಸ್ಟೆಡ್‌ನಲ್ಲಿತ್ತು.

ಈಗ ಮುಂಬಾಗಿಲಿಗೆ ಬನ್ನಿ. ನಾಲ್ಕು ಮೂಲೆಯ ಗೋಪುರಗಳು ಹಳೆಯ ಮನೆಯ ರೂಪವನ್ನು ಉಳಿಸಿಕೊಂಡಿವೆ. ನಡುವಿನ ಕಂಬಸಾಲು ವಾಸ್ತುಶಿಲ್ಪಿ ರಾಬರ್ಟ್ ಆಡಮ್‌ನದು. ಚೈಲ್ಡ್‌ಗಳು ಅವನನ್ನು ಕರೆಸಿದ್ದು 1761ರಲ್ಲಿ. ಹಳೆಯದನ್ನು ಕೆಡವದೆ ಹೊಸ ಸಿರಿಯನ್ನು ಮೇಲೆ ಹೊದಿಸಿದ ರೀತಿ ಇಲ್ಲಿ ನಿಂತರೆ ಅರ್ಥವಾಗುತ್ತದೆ. ಮಂಡಿನೋವಿನವರಿದ್ದರೆ ಮೆಟ್ಟಿಲು ಹತ್ತುವ ಮೊದಲು ಸಿಬ್ಬಂದಿಯನ್ನು ಕೇಳಿ, ಬೇರೆ ವ್ಯವಸ್ಥೆ ಏನಿದೆ ಎಂದು ತಿಳಿಸುತ್ತಾರೆ.

ಒಳಗೆ ಬೆಳಕು ಕಡಿಮೆ. ಬಟ್ಟೆ, ಕಾಗದ ಬಣ್ಣ ಕಳೆದುಕೊಳ್ಳಬಾರದೆಂದು ಕಿಟಕಿಗೆ ಪರದೆ ಎಳೆದಿರುತ್ತಾರೆ. ಪ್ರತಿ ಕೋಣೆಯಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಫೋಟೊಗೆ ಫ್ಲ್ಯಾಶ್ ಬೇಡ. ಊಟದ ಕೋಣೆಯ ನಡುವೆ ಮೇಜಿಲ್ಲವಲ್ಲ ಎಂದು ಅಚ್ಚರಿಪಡಬೇಡಿ: ಆಗ ಕುರ್ಚಿಗಳು ಗೋಡೆಗೆ ಒತ್ತಿಕೊಂಡಿರುತ್ತಿದ್ದವು, ಊಟದ ಹೊತ್ತಿಗೆ ಆಳುಗಳು ಮಡಚುವ ಮೇಜು ತಂದು ಹಾಕುತ್ತಿದ್ದರು. ಡ್ರಾಯಿಂಗ್ ರೂಮಿನಲ್ಲಿ ಚಾವಣಿಯ ವಿನ್ಯಾಸ ಕೆಳಗಿನ ಜಮಖಾನೆಯಲ್ಲಿ ಮರುಕಳಿಸಿದೆ, ಎರಡನ್ನೂ ಹೋಲಿಸಿ ನೋಡಿ. ಸಮಯ ಸಾಲದಿದ್ದರೆ ಉದ್ದದ ಗ್ಯಾಲರಿಯನ್ನು ಬೇಗ ದಾಟಿ, ಎಟ್ರುಸ್ಕನ್ (ಪ್ರಾಚೀನ ಇಟಲಿಯ ಶೈಲಿಯೆಂದು ಹೆಸರಾದ) ಕೋಣೆಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಅದರ ಗೋಡೆಯ ಚಿತ್ರಗಳನ್ನು ಬಿಡಿಸಿರುವುದು ಕಾಗದದ ಮೇಲೆ.

1782ರಲ್ಲಿ ರಾಬರ್ಟ್ ಚೈಲ್ಡ್‌ನ ಒಬ್ಬಳೇ ಮಗಳು ಸಾರಾ ಆನ್ ವೆಸ್ಟ್‌ಮರ್ಲೆಂಡಿನ ಅರ್ಲ್ (ಇಂಗ್ಲೆಂಡಿನ ಒಂದು ಕುಲೀನ ಪದವಿ) ಜೊತೆ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನಿಗೆ ಓಡಿಹೋಗಿ ಮದುವೆಯಾದಳು. ಅದೇ ವರ್ಷ ತೀರಿಕೊಂಡ ಅಪ್ಪ ಉಯಿಲು ತಿದ್ದಿದ್ದ: ಆಸ್ತಿ ಅಳಿಯನ ವಂಶದ ಹಿರಿಮಗನಿಗೆ ದಕ್ಕಬಾರದು. ಹಾಗಾಗಿ ಅದು ಮೊಮ್ಮಗಳು ಸಾರಾ ಸೋಫಿಯಾಗೆ ಬಂತು. ಅವಳು 1804ರಲ್ಲಿ ಮದುವೆಯಾದದ್ದು ಮುಂದೆ ಜರ್ಸಿಯ ಐದನೇ ಅರ್ಲ್ ಆದವನನ್ನು. ಗೇಟಿನ ಮುಂದಿನ ರಸ್ತೆಯ ಹೆಸರು ಈ ಜರ್ಸಿ ಮನೆತನದ್ದೇ.

ಒಂಬತ್ತನೇ ಅರ್ಲ್ 1939ರಲ್ಲಿ ಮನೆಯನ್ನು ಜನರಿಗೆ ತೆರೆದ. ಮರುವರ್ಷ ಬೇಸಿಗೆಯಲ್ಲಿ ಸ್ಪೇನ್ ಅಂತರ್ಯುದ್ಧದಲ್ಲಿ ಹೋರಾಡಿದ್ದ ಟಾಮ್ ವಿಂಟ್ರಿಂಗಮ್ ಇದೇ ಹುಲ್ಲುಗಾವಲಿನಲ್ಲಿ ಎರಡನೇ ಮಹಾಯುದ್ಧದ ಸ್ವಯಂಸೇವಕ ರಕ್ಷಣಾ ಪಡೆಯಾದ ಹೋಮ್ ಗಾರ್ಡಿನವರಿಗೆ ಗೆರಿಲ್ಲಾ ಯುದ್ಧ ಕಲಿಸಿದ. 1949ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿಗೆ ಹೋಯಿತು. ಪೀಠೋಪಕರಣಗಳನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಪಡೆಯಿತು. ಅದೇ ವರ್ಷ ಅರ್ಲ್ ತನ್ನೊಡನೆ ಜರ್ಸಿ ದ್ವೀಪಕ್ಕೆ ಒಯ್ದಿದ್ದ ಕೆಲವು ಒಳ್ಳೆಯ ಚಿತ್ರಗಳು ಬೆಂಕಿಗೆ ಆಹುತಿಯಾದವು. ಹಿಂದೆ ಇಲ್ಲಿನ ಚಾವಣಿಯನ್ನು ಅಲಂಕರಿಸಿದ್ದ, ಕಲಾವಿದ ರೂಬೆನ್ಸ್‌ನ ಚಿತ್ರವೂ ಅವುಗಳಲ್ಲೊಂದು.

ಮನೆಗೆ ಎರಡು ಗಂಟೆ, ಕೆರೆ ಸುತ್ತಲು ಇನ್ನೊಂದು ಗಂಟೆ ಸಾಕು. ಮಳೆ ಬಂದಿದ್ದರೆ ಹುಲ್ಲಿನ ಹಾದಿ ಕೆಸರು, ಚಪ್ಪಲಿ ಬೇಡ. ಉತ್ತರಕ್ಕೆ ಹೋದಷ್ಟೂ ವಾಹನಗಳ ಸದ್ದು ಜೋರಾಗುತ್ತದೆ: 1960ರ ದಶಕದಲ್ಲಿ ಎಂ4 ಹೆದ್ದಾರಿಯನ್ನು ಎಸ್ಟೇಟಿನ ಮಧ್ಯೆಯೇ ಹಾಯಿಸಿದರು. ಕಾಫಿ ಅಂಗಡಿಯ ಸ್ಯಾಂಡ್‌ವಿಚ್ ಹೊಟ್ಟೆಗೆ ಸಾಲದವರು ಹೀಥ್ರೋ ದಿಕ್ಕಿನಲ್ಲಿ ಮುಂದಿನ ನಿಲ್ದಾಣವಾದ ಹೌನ್ಸ್ಲೋ ಈಸ್ಟ್‌ನಲ್ಲಿ ಇಳಿದರೆ, ಹತ್ತಿರದ ಹೈ ಸ್ಟ್ರೀಟಿನ ಕಡೆ ನಮ್ಮ ಕಡೆಯ ಊಟ ಸಿಗುತ್ತದೆ.