ಹದಿನಾರು ಕೆರೆಯ ಕಾಲರ್ ಬಾತು

ಜನವರಿ 11, ಭಾನುವಾರ
ಮೈಸೂರು

ಈ ಸಲ ಮಾಗಿ ಚಳಿ ಸ್ವಲ್ಪ ಜಾಸ್ತಿಯೇ. ಬೆಳಿಗ್ಗೆ ಐದೂವರೆಗೆ ಸ್ಕೂಟರ್ ತೆಗೆದಾಗ ಮೊಬೈಲು 12 ಡಿಗ್ರಿ ತೋರಿಸುತ್ತಿತ್ತು. ಸ್ವೆಟರ್, ಅದರ ಮೇಲೆ ಜರ್ಕಿನ್, ತಲೆಗೆ ಮಂಕಿ ಕ್ಯಾಪ್. ಆದರೂ ನಂಜನಗೂಡು ರಸ್ತೆಯಲ್ಲಿ ಬೆರಳು ಮರಗಟ್ಟಿಹೋಯಿತು. ಧನುರ್ಮಾಸ ಅಲ್ವಾ, ದೇವಸ್ಥಾನಗಳಲ್ಲಿ ಆಗಲೇ ಪೂಜೆ ನಡೆದಿತ್ತು. ಹುಗ್ಗಿ ಪ್ರಸಾದಕ್ಕೆ ನಿಲ್ಲೋಣ ಅನ್ನಿಸಿತು. ನಿಲ್ಲಲಿಲ್ಲ.

ಹೊರಟಿದ್ದು ನಂಜನಗೂಡು ಕಡೆಯ ಹದಿನಾರು ಅನ್ನುವ ಊರಿನ ಕೆರೆಗೆ. ಹದಿನಾರು ಅಂದರೆ ಹಳಬರಿಗೆ 1399ರಲ್ಲಿ ಮೈಸೂರು ಅರಸು ಮನೆತನ ಶುರು ಮಾಡಿದ ಯದುರಾಯರ ಕಥೆ. ಕ್ಯಾಮೆರಾ ಹಿಡಿದವರಿಗೆ ಮಾತ್ರ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ನಮ್ಮ ಹಲ್ಲು ಕಟಕಟ ಅನ್ನಿಸುವ ಚಳಿ ಅವಕ್ಕೆ ಬೇಸಿಗೆ ರಜೆ ಇದ್ದ ಹಾಗೆ. ರಾತ್ರಿ ಹೊಲಗದ್ದೆಗಳಲ್ಲಿ ಮೇಯ್ದು, ಬೆಳಕಾಗುವಾಗ ಕೆರೆಗೆ ವಾಪಸ್ಸಾಗುತ್ತವೆ. ನನಗೆ ಬೇಕಿದ್ದದ್ದು ಆ ಹೊತ್ತು.

ಏರಿ ಮೇಲೆ ಕೂತರೆ ಎದುರಿಗೆ ಬರೀ ಮಂಜು. ಮೊದಲು ಕೇಳಿಸಿದ್ದು ಕೂಗು, ಮೂಗಿನಲ್ಲಿ ಕೂಗಿದ ಹಾಗೆ 'ಆಂಗ್, ಆಂಗ್'. ಆಮೇಲೆ ಒಂದೊಂದೇ ಸಾಲು ಹೊರಬಿತ್ತು. ಇಳಿಯುವಾಗ ಅವು ಕಿತ್ತಳೆ ಕಾಲುಗಳನ್ನು ಮುಂದಕ್ಕೆ ಚಾಚಿ, ರೆಕ್ಕೆ ಬಾಗಿಸಿ, ನೀರನ್ನು ಸೀಳಿಕೊಂಡು ನಿಲ್ಲುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಆಗ ಚೆನ್ನಾಗಿ ಕಾಣುತ್ತದೆ. ಮಂಜಿನಲ್ಲಿ ಆಟೋಫೋಕಸ್ ತಡಬಡಾಯಿಸುತ್ತದೆ. ಬಿಳುಪು ಜಾಸ್ತಿ ಇರುವುದರಿಂದ ಕ್ಯಾಮೆರಾ ಚಿತ್ರವನ್ನು ಕಪ್ಪಗೆ ಮಾಡಿಬಿಡುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ದುಪ್ಪಟ್ಟಾಗುವಷ್ಟು, ಏರಿಸಿಕೊಂಡೆ. ಮಂದ ಬೆಳಕಿಗೆ ಐಎಸ್‌ಒ, ಅಂದರೆ ಕ್ಯಾಮೆರಾದ ಬೆಳಕಿನ ಸಂವೇದನೆ, 3200. ಲೆನ್ಸಿನ ಮೇಲೆ ಕೂರುವ ಇಬ್ಬನಿ ಒರೆಸಲು ಹಳೇ ಪಂಚೆಯ ತುಂಡಿಗಿಂತ ಒಳ್ಳೆಯದು ಯಾವುದೂ ಇಲ್ಲ.

ಎಂಟು ಗಂಟೆಗೆ ಕಾರಿನಲ್ಲಿ ಮೂವರು ಹುಡುಗರು ಬಂದರು. ಹಾರುವ ಫೋಟೋ ಬೇಕಂತೆ. ಒಬ್ಬ ಚಪ್ಪಾಳೆ ತಟ್ಟಿದ, ಇನ್ನೊಬ್ಬ ಕಲ್ಲು ಎತ್ತಿಕೊಂಡ. ನನಗೆ ಮೈ ಉರಿಯಿತು. ಹಗಲು ಅವು ನಿದ್ದೆ ಮಾಡಬೇಕು, ಪುಕ್ಕ ಸರಿಮಾಡಿಕೊಳ್ಳಬೇಕು. ವಾಪಸ್ ಹಿಮಾಲಯ ದಾಟಲು ಮೈಯಲ್ಲಿ ಕೊಬ್ಬು ಕೂಡಿಡಬೇಕು. ಸುಮ್ನೆ ಎಬ್ಬಿಸಿದಷ್ಟೂ ಆ ಕೊಬ್ಬು ಕರಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಎಮ್ಮೆ ಹೊಡೆದುಕೊಂಡು ಬಂದ ಯಜಮಾನರೊಬ್ಬರು ಗದರಿದರು:

"ರಾತ್ರಿಯೆಲ್ಲ ನನ್ ಉಳ್ಳಿ ಹೊಲ ಮೇಯ್ದವೆ. ಈಗ್ಲಾರಾ ವಸಿ ಮನಿಕಳ್ಲಿ, ಬುಡ್ರಪ್ಪ!"

ಬೆಳೆ ಕಳೆದುಕೊಂಡವರೇ ಹೀಗಂದ ಮೇಲೆ ಹುಡುಗರು ಕಲ್ಲು ಬಿಸಾಕಿ ಸುಮ್ಮನಾದರು. ಹಾರುವ ಫೋಟೋ ಬೇಕಿದ್ದರೆ ಸಂಜೆ ತನಕ ಕಾಯಬೇಕು ಅಷ್ಟೇ, ಮೇಯಲು ಅವೇ ಏಳುತ್ತವೆ.

ಆಮೇಲೆ ನೋಡಿದರೆ ಗುಂಪಿನ ಅಂಚಿನಲ್ಲಿ ಒಂದು ಬಾತಿನ ಕುತ್ತಿಗೆಗೆ ಹಸಿರು ಪ್ಲಾಸ್ಟಿಕ್ ಕಾಲರ್! ಮಂಗೋಲಿಯಾದಲ್ಲಿ ಸಂಶೋಧಕರು ಹೀಗೆ ತೊಡಿಸುತ್ತಾರೆ. ಅಕ್ಷರ, ಅಂಕಿ ಓದಲು ಸಿಕ್ಕರೆ ಆ ಹಕ್ಕಿಯನ್ನು ಎಲ್ಲಿ, ಯಾವಾಗ ಹಿಡಿದಿದ್ದರು ಅಂತ ತಿಳಿಯುತ್ತದೆ. ಆದರೆ ಅಷ್ಟರಲ್ಲಿ ಬಿಸಿಲೇರಿ, ನೀರಿನ ಮೇಲಿನ ಗಾಳಿ ಅದುರುತ್ತಿತ್ತು. ಎಷ್ಟು ಕ್ಲಿಕ್ಕಿಸಿದರೂ ಅಕ್ಷರ ನಿಲ್ಲಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿದೆ. ಕೊನೆಯ ಅಂಕಿ 3 ಇರಬೇಕು, ಅಥವಾ 8.

ಸಂಕ್ರಾಂತಿ ರಜೆಗೆ ಟ್ರೈಪಾಡ್ ಹೊತ್ತು ಮತ್ತೆ ಹೋಗುತ್ತೇನೆ. ಅದಕ್ಕೂ ಮೊದಲು ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಏರಿಯ ಮೇಲಿಂದಲೇ ನೋಡಿ, ನಂಬರ್ ಸಿಕ್ಕರೆ ಬರೆದು ಕಳಿಸಿ.